ಮಾಡದವರು ಉಣ್ಣುವ ಫಲ

ನಲವತ್ತು ತುಂಬುವ ಮೊದಲೇ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಬಾಯಿ ಕಟ್ಟಲಿಲ್ಲ, ಮೈ ಬಗ್ಗಿಸಲಿಲ್ಲ, ಈಗ ಅನುಭವಿಸಬೇಕು ಎನ್ನುವುದು ಒಂದು. ಪಡೆದುಕೊಂಡು ಬಂದದ್ದು, ಯಾರೇನು ಮಾಡಲಾದೀತು ಎನ್ನುವುದು ಇನ್ನೊಂದು. ಒಂದರಲ್ಲಿ ಗದರಿಕೆ ಇದೆ, ಇನ್ನೊಂದರಲ್ಲಿ ಸಮಾಧಾನ. ಆದರೆ ಎರಡರ ಬುಡವೂ ಒಂದೇ. ಉಣ್ಣುತ್ತಿರುವವನು ಯಾರೋ, ಮಾಡಿದವನೂ ಅವನೇ ಎಂಬ ನಂಬಿಕೆ ಎರಡರಲ್ಲೂ ಇದೆ. ಮಾಡಿದ್ದು ಈ ಜನ್ಮದಲ್ಲೋ ಹಿಂದಿನದರಲ್ಲೋ ಎಂಬಷ್ಟರಲ್ಲೇ ವ್ಯತ್ಯಾಸ. ‘ಮಾಡಿದ್ದುಣ್ಣೋ ಮಹರಾಯ’ ಎಂದು ಜನ ಹೇಳುತ್ತ ಬಂದದ್ದನ್ನೇ ದಾರ್ಶನಿಕರು ತರ್ಕದ ಬಿಗಿಯಲ್ಲಿ ಹೇಳಿದರು. ಮಾಡಿದ ಕರ್ಮ ಫಲ ಕೊಡದೆ ನಾಶವಾಗುವುದು ಕೃತನಾಶ, ಮಾಡದ ಕರ್ಮದ ಫಲ ಬಂದು ಮೈಮೇಲೆ ಬೀಳುವುದು ಅಕೃತಾಭ್ಯಾಗಮ. ಈ ಎರಡು ದೋಷಗಳಿಗೆ ಎಡೆಗೊಡುವ ಯಾವ ಸಿದ್ಧಾಂತವೂ ನಿಲ್ಲದು ಎಂದು ನೈಯಾಯಿಕರೂ ವೇದಾಂತಿಗಳೂ ಒಪ್ಪುತ್ತಾರೆ. ಒಂದು ಮಗು ದಷ್ಟಪುಷ್ಟವಾಗಿ, ಇನ್ನೊಂದು ಕೃಶವಾಗಿ ಹುಟ್ಟುವುದು ಎಲ್ಲರಿಗೂ ಕಾಣುತ್ತದೆ. ಹುಟ್ಟುವ ಮೊದಲು ಎರಡೂ ಏನನ್ನೂ ಮಾಡಿಲ್ಲ. ಹಾಗಾದರೆ ದೇವರು ಪಕ್ಷಪಾತಿಯೂ ನಿರ್ದಯನೂ ಆಗಬೇಕಲ್ಲವೇ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈ ಆಕ್ಷೇಪ ಎದುರಾದಾಗ ಶಂಕರರು ಕೊಡುವ ಉತ್ತರ ಪ್ರಸಿದ್ಧವಾದದ್ದು: ಈಶ್ವರನು ಜೀವಿಗಳ ಪುಣ್ಯಪಾಪಗಳಿಗೆ ಅನುಸಾರವಾಗಿಯೇ ಸೃಷ್ಟಿಸುತ್ತಾನೆ, ಸಂಸಾರ ಅನಾದಿಯಾದ್ದರಿಂದ ಮೊಟ್ಟಮೊದಲ ಕರ್ಮ ಯಾವುದೆಂದು ಕೇಳಲು ಬರುವುದಿಲ್ಲ.

ಈ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲೋಕದಲ್ಲಿ ನ್ಯಾಯವಿರಬೇಕು ಎಂಬ ತೀವ್ರವಾದ ಹಂಬಲದಿಂದ ಅದು ಹುಟ್ಟಿದೆ. ಅಷ್ಟಿದ್ದೂ, ಕಳೆದ ಮೂರು ದಶಕಗಳಲ್ಲಿ ಪುಣೆಯ ಆಸುಪಾಸಿನಲ್ಲಿ ತಾಯಂದಿರ ಮತ್ತು ಮಕ್ಕಳ ದೇಹದ ಬಗ್ಗೆ ತಿಳಿದುಬಂದಿರುವ ಸಂಗತಿಗಳನ್ನು ಎದುರಿಗಿಟ್ಟುಕೊಂಡರೆ ಆ ಉತ್ತರ ಇನ್ನು ಸಾಲದು ಎಂಬುದು ನನ್ನ ವಾದ. ದಾರ್ಶನಿಕರು ಬರಲೇಬಾರದು ಎಂದುಕೊಂಡ ಅಕೃತಾಭ್ಯಾಗಮ ದಿನವೂ ಬರುತ್ತಿದೆ. ಅದು ನಡೆಯುವ ಸ್ಥಳವನ್ನು ಬೆರಳಿಟ್ಟು ತೋರಿಸಬಹುದು; ಹೊಟ್ಟೆಯ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ ಅಂಥದೊಂದು ಸ್ಥಳ. ಫಲವನ್ನು ಅಲ್ಲಿ ಇಟ್ಟವರನ್ನು ಹುಡುಕಲು ಹಿಂದಿನ ಜನ್ಮಕ್ಕೆ ಹೋಗಬೇಕಾಗಿಲ್ಲ.

ಗ್ರಂಥಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇದೋಜೀರಕದ ಬಹುಭಾಗ ಜೀರ್ಣರಸ ತಯಾರಿಸುತ್ತದೆ. ಅದರೊಳಗೆ ಅಲ್ಲಲ್ಲಿ ಚದುರಿದ ಹತ್ತು ಲಕ್ಷದಷ್ಟು ಸಣ್ಣ ಕೋಶಗುಂಪುಗಳಿವೆ. ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವನ್ನು ಮೊದಲು ಗುರುತಿಸಿದ. ಎಲ್ಲವನ್ನೂ ಕೂಡಿಸಿದರೂ ಗ್ರಂಥಿಯ ತೂಕದ ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಅವುಗಳಲ್ಲಿರುವ ಬೀಟಾ ಕೋಶದೊಳಕ್ಕೆ ರಕ್ತದ ಗ್ಲೂಕೋಸ್ ಹೊಕ್ಕು ಉರಿದಾಗ ಪೊಟ್ಯಾಷಿಯಂ ಹೊರಹೋಗುವ ದಾರಿ ಮುಚ್ಚುತ್ತದೆ, ಕ್ಯಾಲ್ಷಿಯಂ ಒಳಬರುವ ದಾರಿ ತೆರೆಯುತ್ತದೆ, ಕೂಡಿಟ್ಟ ಇನ್ಸುಲಿನ್ ರಕ್ತಕ್ಕೆ ಬೀಳುತ್ತದೆ. ಆ ಇನ್ಸುಲಿನ್ ಸ್ನಾಯುಗಳಿಗೆ ಗ್ಲೂಕೋಸನ್ನು ಒಳಗೆ ಕರೆದುಕೊಳ್ಳಿರೆಂದೂ ಯಕೃತ್ತಿಗೆ ಹೊಸದನ್ನು ಬಿಡಬೇಡವೆಂದೂ ತಿಳಿಸುತ್ತದೆ. ಸಕ್ಕರೆ ಇಳಿದೊಡನೆ ಇನ್ಸುಲಿನ್ನೂ ಇಳಿಯುತ್ತದೆ. ಥೈರಾಯ್ಡ್, ಅಡ್ರಿನಲ್, ಪಿಟ್ಯುಟರಿ ಮುಂತಾದ ಉಳಿದ ನಿರ್ನಾಳ ಗ್ರಂಥಿಗಳಲ್ಲೂ ಬಹುಮಟ್ಟಿಗೆ ಇದೇ ಕ್ರಮ: ಹೆಚ್ಚಾದದ್ದು ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇಲ್ಲಿ ನಮಗೆ ಮುಖ್ಯವಾದದ್ದು ಬೇರೊಂದು ಸಂಗತಿ. ಈ ವ್ಯವಸ್ಥೆಯ ಮಟ್ಟ ನಿಗದಿಯಾಗುವುದು ಬಹಳ ಮೊದಲು. ತಾಯಿಯ ಗ್ಲೂಕೋಸ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಗರ್ಭದ ಮಗು ಮೂರನೆಯ ತಿಂಗಳ ಹೊತ್ತಿಗೇ ತನ್ನ ಇನ್ಸುಲಿನ್ ತಾನೇ ಮಾಡತೊಡಗುತ್ತದೆ, ಅದರ ಬೆಳವಣಿಗೆಯನ್ನು ನಡೆಸುವ ಹಾರ್ಮೋನುಗಳಲ್ಲಿ ಅದೂ ಒಂದು. ತಾಯಿಯಿಂದ ಬರುವ ಪೋಷಣೆ ಕಡಿಮೆಯಾದರೆ ಆ ಇನ್ಸುಲಿನ್ ತಗ್ಗುತ್ತದೆ. ಮಗುವಿನ ದೇಹ ಮಿದುಳನ್ನು ಉಳಿಸಿಕೊಂಡು ಸ್ನಾಯು, ಯಕೃತ್ತು, ಮೂತ್ರಪಿಂಡ, ಮೇದೋಜೀರಕಗಳಲ್ಲಿ ಕಡಿತ ಮಾಡಿಕೊಳ್ಳುತ್ತದೆ. ತಾಯಿಯ ಕಾರ್ಟಿಸಾಲ್ ಮಗುವಿಗೆ ಮುಟ್ಟದಂತೆ ಮಾಸಿನಲ್ಲಿ ತಡೆಯುವ ಕಿಣ್ವವೊಂದಿದೆ. ತಾಯಿಗೆ ಪ್ರೋಟೀನ್ ಸಾಲದಿದ್ದಾಗ ಆ ತಡೆಯೂ ಸಡಿಲವಾಗುವುದು ಇಲಿಗಳಲ್ಲಿ ಕಂಡಿದೆ. ಬದುಕಿಡೀ ಗ್ಲೂಕೋಸನ್ನು ಹೆಚ್ಚಾಗಿ ತೆಗೆದುಕೊಳ್ಳಬೇಕಾದ ಅಂಗ ಸ್ನಾಯು. ಅದು ಹುಟ್ಟುವಾಗಲೇ ಕಡಿಮೆ, ಇನ್ಸುಲಿನ್ ಮಾಡುವ ಕೋಶಗಳೂ ಕಡಿಮೆ ಎಂದಾದರೆ ಮುಂದಿನ ಕಥೆ ಊಹಿಸಬಹುದು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನ ಸೂಲಗಿತ್ತಿಯರು 1911ರಿಂದ ಬರೆದಿಟ್ಟ ಹುಟ್ಟುತೂಕದ ಲೆಕ್ಕಗಳನ್ನು ಹಿಡಿದು ಡೇವಿಡ್ ಬಾರ್ಕರ್ ಈ ಊಹೆಯನ್ನು ಮೊದಲು ಗಟ್ಟಿಯಾಗಿ ಮುಂದಿಟ್ಟರು.

ಪುಣೆಯ ರಾಸ್ತಾ ಪೇಟೆಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಸೌತಾಂಪ್ಟನ್ನಿನ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ಜೊತೆಗೂಡಿ ಇದನ್ನು ನಮ್ಮ ನೆಲದಲ್ಲಿ ಪರೀಕ್ಷಿಸಹೊರಟರು. 1993ರಲ್ಲಿ ಪುಣೆ ಬಳಿಯ ಆರು ಹಳ್ಳಿಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ಗರ್ಭ ಧರಿಸುವ ಮೊದಲೇ ತೂಗಿ, ಅಳೆದು, ಅವರು ಏನು ಉಣ್ಣುತ್ತಾರೆ, ಎಷ್ಟು ದುಡಿಯುತ್ತಾರೆ ಎಂದು ಬರೆದುಕೊಳ್ಳುವ ಕೆಲಸ ಆರಂಭವಾಯಿತು. ಮಳೆ ನೆಚ್ಚಿದ ಬೇಸಾಯದ ಊರುಗಳವು. ಆ ಹೆಂಗಸರ ಸರಾಸರಿ ತೂಕ ಗರ್ಭಕ್ಕೆ ಮೊದಲು ಸುಮಾರು 42 ಕಿಲೋ. ಬಸುರಿಯಾದಾಗಲೂ ನೀರು ಹೊರುವುದು, ಹೊಲದ ಕೆಲಸ ನಿಲ್ಲಲಿಲ್ಲ. ಹೆಚ್ಚು ದುಡಿದವರ ಮಕ್ಕಳು ಚಿಕ್ಕದಾಗಿ ಹುಟ್ಟಿದವು. ಹಾಲು, ಸೊಪ್ಪು, ಹಣ್ಣು ಹೆಚ್ಚು ಸಿಕ್ಕ ತಾಯಂದಿರ ಮಕ್ಕಳು ದೊಡ್ಡದಾಗಿ ಹುಟ್ಟಿದವು. ಮಕ್ಕಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ನಿನದು 3.5. ಇಷ್ಟೇ ಆಗಿದ್ದರೆ ಹೊಸದೇನೂ ಇರಲಿಲ್ಲ. ಸಂಶೋಧಕರು ಮಗುವಿನ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗೆ ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ ಅದರ ದಪ್ಪವನ್ನು ಅಳೆದರು. ಸ್ನಾಯುವಿನಲ್ಲಿ, ಒಳಗಿನ ಅಂಗಗಳಲ್ಲಿ ಅಷ್ಟೆಲ್ಲ ಹಿಂದೆ ಬಿದ್ದಿದ್ದ ಈ ಮಕ್ಕಳು ಅಲ್ಲಿಯ ಕೊಬ್ಬಿನಲ್ಲಿ ಮಾತ್ರ ಇಂಗ್ಲೆಂಡಿನ ಮಕ್ಕಳಿಗಿಂತ ಅಷ್ಟಾಗಿ ಹಿಂದಿರಲಿಲ್ಲ. ಬೇರೊಂದು ಅಧ್ಯಯನದಲ್ಲಿ ಪುಣೆಯ ಮತ್ತು ಲಂಡನ್ನಿನ ಮಕ್ಕಳ ಹೊಕ್ಕುಳಬಳ್ಳಿಯ ರಕ್ತವನ್ನು ಹೋಲಿಸಿದಾಗ ಪುಣೆಯ ಮಕ್ಕಳಲ್ಲಿ ಇನ್ಸುಲಿನ್ ಹೆಚ್ಚಿತ್ತು. ಕೊಬ್ಬು ಬಿಡುವ ಲೆಪ್ಟಿನ್ ಎಂಬ ಹಾರ್ಮೋನು, ತೂಕ ಅಷ್ಟು ಕಡಿಮೆಯಿದ್ದರೂ, ಲಂಡನ್ನಿನ ಮಕ್ಕಳಿಗೆ ಸಮನಾಗಿತ್ತು. ಮೊದಲ ಉಸಿರಿಗೆ ಮುಂಚೆಯೇ ಆ ರಕ್ತದಲ್ಲಿ ಮಧ್ಯವಯಸ್ಸಿನ ಕಾಯಿಲೆಯ ತಯಾರಿ ಕಾಣುತ್ತಿತ್ತು. 2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಮೈಯನ್ನೇ ಉದಾಹರಣೆಯಾಗಿ ಕೊಟ್ಟರು. ಇಬ್ಬರ ಬಿಎಂಐ 22.3. ಯಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2.

ಇದಕ್ಕಿಂತ ಯೋಚನೆಗೆ ಹಚ್ಚುವ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆ ಹಳ್ಳಿಗಳ ಬಸುರಿಯರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಮಂದಿಗೆ ವಿಟಮಿನ್ ಬಿ12 ಕೊರತೆಯಿತ್ತು. ಸೂಕ್ಷ್ಮಜೀವಿಗಳು ತಯಾರಿಸುವ ಈ ವಿಟಮಿನ್ ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ, ಕಾಳುಕಡಿ ಸೊಪ್ಪುಗಳಲ್ಲಿ ಸಿಗುವುದಿಲ್ಲ. ಇದರ ಜೊತೆಗೇ ಕೆಲಸ ಮಾಡುವ ಫೋಲೇಟ್ ಮಾತ್ರ ಅನೇಕರಲ್ಲಿ ಧಾರಾಳವಾಗಿತ್ತು. ಅದು ಸೊಪ್ಪಿನಲ್ಲಿದೆ, ಬಸುರಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲೂ ಇದೆ. ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರು ವರ್ಷದ ಹೊತ್ತಿಗೆ ಇನ್ಸುಲಿನ್‌ಗೆ ಮೈ ಒಗ್ಗದಿರುವುದು ಅತಿ ಹೆಚ್ಚು ಕಂಡಿತು. ಈ ಫಲಕ್ಕೆ ಕರ್ತೃಗಳನ್ನು ಹುಡುಕಿದರೆ ಎಷ್ಟು ಜನ ಸಿಗುತ್ತಾರೆ ನೋಡಿ. ಅಹಿಂಸೆಯನ್ನು ಧರ್ಮವೆಂದು ಪಾಲಿಸಿಕೊಂಡು ಬಂದ ಹಿರಿಯರು, ಹೆಣ್ಣು ಕೊನೆಯಲ್ಲಿ ಉಣ್ಣಬೇಕೆಂದು ರೂಢಿ ಮಾಡಿದವರು, ಮೊಟ್ಟೆ ಹಾಲು ಕೊಳ್ಳಲಾಗದ ಬಡತನವನ್ನು ಹಾಗೇ ಬಿಟ್ಟವರು, ಒಳ್ಳೆಯ ಉದ್ದೇಶದಿಂದಲೇ ಮಾತ್ರೆಯ ಸೂತ್ರ ಬರೆದ ಅಧಿಕಾರಿಗಳು. ಇವರಲ್ಲಿ ಕೆಲವರು ಪಾಪವನ್ನೇ ಮಾಡಿಲ್ಲ. ಉಣ್ಣುತ್ತಿರುವ ಮಗುವಂತೂ ಏನನ್ನೂ ಮಾಡಿಲ್ಲ.

ಕರ್ಮವಾದಿ ಇಲ್ಲಿ ತಡೆಯುತ್ತಾನೆ. ತಾಯಿಯ ಊಟ, ಮಾಸು, ಹಾರ್ಮೋನು ಇವೆಲ್ಲ ಫಲ ಬರುವ ದಾರಿಗಳಷ್ಟೇ. ಜೀವ ತನ್ನ ಪ್ರಾರಬ್ಧಕ್ಕೆ ತಕ್ಕ ಗರ್ಭವನ್ನೇ ಸೇರುತ್ತದೆ, ಆದ್ದರಿಂದ ಬಡ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದೂ ಅದರದೇ ಕರ್ಮ ಎನ್ನುತ್ತಾನೆ. ಈ ಆಕ್ಷೇಪ ತರ್ಕಕ್ಕೆ ವಿರುದ್ಧವಾಗಿಲ್ಲ, ಯಾವ ಪ್ರಯೋಗದಿಂದಲೂ ಅದನ್ನು ಸುಳ್ಳಾಗಿಸಲು ಬರುವುದಿಲ್ಲ. ಅದರ ತೊಡಕು ಅದೇ. ಪುಣೆಯ ಮಕ್ಕಳ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದ್ದರೂ ಅದು ಕರ್ಮ, ಕಡಿಮೆಯಿದ್ದರೂ ಕರ್ಮ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ತಡೆದದ್ದರಿಂದ ಪಶ್ಚಿಮ ನೆದರ್ಲೆಂಡ್ ಹಸಿವಿನಲ್ಲಿ ಬಿತ್ತು. ಆಗ ಆಮ್‌ಸ್ಟರ್‌ಡ್ಯಾಮಿನಲ್ಲಿ ಗರ್ಭದಲ್ಲಿದ್ದವರು ಐವತ್ತರ ಪ್ರಾಯಕ್ಕೆ ಬಂದಾಗ, ಅದೇ ಊರಿನಲ್ಲಿ ಅದಕ್ಕೆ ಮೊದಲು ಹುಟ್ಟಿದವರಿಗಿಂತ, ಆಮೇಲೆ ಗರ್ಭದಲ್ಲಿ ಮೂಡಿದವರಿಗಿಂತ ಅವರ ಮೈ ಗ್ಲೂಕೋಸನ್ನು ಕೆಟ್ಟದಾಗಿ ನಿಭಾಯಿಸುತ್ತಿತ್ತು. ಒಂದು ಊರಿನ ಇಷ್ಟು ಜೀವಗಳೂ ಒಂದೇ ಬಗೆಯ ಪಾಪ ಹೊತ್ತು ಸರಿಯಾಗಿ ಆ ತಿಂಗಳುಗಳನ್ನೇ ಆರಿಸಿಕೊಂಡವು ಎನ್ನುವುದಕ್ಕೂ ಸೇನೆ ಊಟ ಕಿತ್ತುಕೊಂಡಿತು ಎನ್ನುವುದಕ್ಕೂ ನಡುವೆ ಯಾವುದನ್ನು ಒಪ್ಪಬೇಕೆಂಬುದು ಬರೀ ತರ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮೊದಲ ವಿವರಣೆಯಲ್ಲಿ ಸೇನೆ ನಿಮಿತ್ತಮಾತ್ರವಾಗುತ್ತದೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಪುಣೆಯನ್ನು ಕಾರ್ಯಕ್ಷೇತ್ರ ಮಾಡಿಕೊಂಡ ಪಂಡಿತಾ ರಮಾಬಾಯಿ 1887ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಇದನ್ನೇ ತೋರಿಸಿದ್ದರು: ಬಾಲವಿಧವೆಯ ದುಃಖವನ್ನು ಅವಳ ಹಿಂದಿನ ಜನ್ಮದ ಅಪರಾಧದ ಶಿಕ್ಷೆಯೆಂದು ನಂಬಿದ ಮನೆಯಲ್ಲಿ ಅವಳನ್ನು ನೋಯಿಸುವವರಿಗೆ ಅಳುಕು ಇರುವುದಿಲ್ಲ. ನ್ಯಾಯವನ್ನು ಉಳಿಸಿಕೊಳ್ಳಲು ಹೊರಟ ಸಿದ್ಧಾಂತ ಅನ್ಯಾಯ ಮಾಡಿದವರನ್ನು ಬಿಟ್ಟುಕೊಟ್ಟಿತು.

ನಮ್ಮ ಪರಂಪರೆಯೆಲ್ಲ ಒಂದೇ ಸ್ವರದಲ್ಲಿ ಇದನ್ನು ಹೇಳಿಲ್ಲ ಎಂಬುದನ್ನೂ ಮರೆಯಬಾರದು. ಸಂಯುತ್ತ ನಿಕಾಯದಲ್ಲಿ ಶಿವಕನೆಂಬ ಪರಿವ್ರಾಜಕ, ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಕೇಳಿದಾಗ ಬುದ್ಧ ಅಲ್ಲವೆನ್ನುತ್ತಾನೆ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಪರರ ಹಲ್ಲೆ ಇವುಗಳಿಂದಲೂ ನೋವು ಬರುತ್ತದೆ, ಕರ್ಮ ಅವುಗಳಲ್ಲಿ ಒಂದು ಎಂದು ಎಣಿಸಿ ಹೇಳುತ್ತಾನೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಇನ್ನೂ ದಿಟ್ಟವಾಗಿದೆ. ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ಆಹಾರದ ಜನ ಒಂದೇ ರೋಗದಿಂದ ಒಟ್ಟಿಗೆ ಸಾಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿದೆ. ಗಾಳಿ, ನೀರು, ನೆಲ, ಕಾಲ ಕೆಡುವುದರಿಂದ ಎಂಬುದು ಉತ್ತರ. ಅವು ಕೆಡುವುದರ ಮೂಲ ಅಧರ್ಮ, ಅದು ಆಳುವವರಿಂದ ಆರಂಭವಾಗಿ ಜನಕ್ಕೆ ಹರಡುತ್ತದೆ ಎಂದು ಗ್ರಂಥ ಹೇಳುತ್ತದೆ. ಒಬ್ಬರ ಅಧರ್ಮ ಇನ್ನೊಬ್ಬರ ಮೈಯಲ್ಲಿ ರೋಗವಾಗುವುದನ್ನು ವೈದ್ಯರು ಕಂಡಿದ್ದರು, ಅದನ್ನು ಹೇಳಲು ಹಿಂಜರಿಯಲಿಲ್ಲ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪವನ್ನು ವಿಜ್ಞಾನ ಬಲ್ಲವರು ಎತ್ತುತ್ತಾರೆ. ಎರಡು ಸಂಗತಿ ಜೊತೆಗೆ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು, ಭಾರತೀಯರ ಜೀನುಗಳೇ ಹೀಗಿರಬಹುದಲ್ಲ ಎನ್ನುತ್ತಾರೆ. ಈ ಎಚ್ಚರ ಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, 2.5 ಕಿಲೋ ಅಥವಾ ಅದಕ್ಕೂ ಕಡಿಮೆ ತೂಕವಿದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11, 3.1 ಕಿಲೋ ಅಥವಾ ಅದಕ್ಕೂ ಹೆಚ್ಚಿದ್ದವರಲ್ಲಿ ಶೇ. 3 ಎಂದು 1996ರಲ್ಲಿ ವರದಿಯಾಯಿತು. ಆದರೆ ಸಕ್ಕರೆ ಕಾಯಿಲೆಯ ವಿಷಯದಲ್ಲಿ ಅದೇ ಮೈಸೂರು ಬೇರೆ ಚಿತ್ರ ಕೊಟ್ಟಿತು. ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು ಕಂಡಿತು. ತಾಯಿಗೇ ಬಸುರಿನಲ್ಲಿ ಸಕ್ಕರೆ ಏರಿದ್ದರೆ ಹಾಗಾಗುತ್ತದೆ. ಅಂದರೆ ಹಸಿವೂ ಮಗುವಿನ ಗ್ರಂಥಿಯನ್ನು ತಿದ್ದುತ್ತದೆ, ಅತಿಯಾದ ಸಕ್ಕರೆಯೂ ತಿದ್ದುತ್ತದೆ. ದಾರಿ ಎರಡಾದರೂ ಎರಡೂ ತಾಯಿಯ ಮೈಯನ್ನು ಹಾದೇ ಬರುತ್ತವೆ. ಜೀನುಗಳ ಪಾಲು ಇದೆ, ಅದೇ ಪೂರ್ತಿ ಎನ್ನಲು ಬರುವುದಿಲ್ಲ. ಡೆನ್ಮಾರ್ಕಿನಲ್ಲಿ ಒಂದೇ ಅಂಡದ ಅವಳಿಗಳನ್ನು, ಎಂದರೆ ಒಂದೇ ಜೀನುಗಳಿರುವವರನ್ನು, ನೋಡಿದಾಗ ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳಲ್ಲಿ ಕಾಯಿಲೆ ಬಂದವರ ಹುಟ್ಟುತೂಕ ಕಡಿಮೆಯಿತ್ತು. ಐವತ್ತು ಪೀಳಿಗೆ ಅರೆಹೊಟ್ಟೆಯಲ್ಲಿ ಬೆಳೆಸಿದ ಇಲಿಗಳ ಮೇಲೆ ಯಾಜ್ಞಿಕ್ ಅವರೂ ಸೇರಿ ನಡೆಸಿದ ಅಧ್ಯಯನ 2015ರಲ್ಲಿ ಬಂತು. ಅವುಗಳಲ್ಲಿ ಇನ್ಸುಲಿನ್ ಹೆಚ್ಚಿತ್ತು, ಬಿ12 ಕಡಿಮೆಯಿತ್ತು. ಎರಡು ಪೀಳಿಗೆ ಹೊಟ್ಟೆತುಂಬ ಊಟ ಕೊಟ್ಟರೂ ಕೆಟ್ಟದ್ದು ಸರಿಹೋಗಲಿಲ್ಲ.

ಇಲಿಗಳ ಈ ಫಲಿತಾಂಶ ಓದಿದವರಿಗೆ, ಹಣೆಬರಹವನ್ನು ದೇವರ ಕೈಯಿಂದ ಕಿತ್ತು ಹಾರ್ಮೋನಿನ ಕೈಗೆ ಕೊಟ್ಟಂತಾಯಿತಲ್ಲ ಎನಿಸಬಹುದು. ಮನುಷ್ಯ ಏನೂ ಮಾಡಲಾರ ಎಂಬಲ್ಲಿಗೇ ಮತ್ತೆ ಬಂದೆವೇ? ಗ್ರಂಥಿಯ ಸ್ವಭಾವ ನೋಡಿದರೆ ಹಾಗಿಲ್ಲ. ಹಾರ್ಮೋನು ಸುತ್ತಲಿನ ಪರಿಸ್ಥಿತಿಗೆ ಉತ್ತರ ಕೊಡುವ ವಸ್ತು. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸ್ ತೆಗೆದುಕೊಳ್ಳುತ್ತದೆ. ಆದ್ದರಿಂದ ದಿನವೂ ನಡೆಯುವವನಿಗೆ ಅದೇ ಗ್ರಂಥಿ ಇನ್ನಷ್ಟು ವರ್ಷ ಸಾಕಾಗಬಹುದು. ಗರ್ಭದಲ್ಲಿ ನಿಗದಿಯಾಗುವುದು ಮೈ ಎಷ್ಟು ತಾಳೀತು ಎಂಬುದು, ಕಾಯಿಲೆ ಬಂದೇ ತೀರುವುದೆಂದಲ್ಲ. ಬಾಯಿ ಕಟ್ಟು, ಮೈ ಬಗ್ಗಿಸು ಎಂಬ ಬುದ್ಧಿಮಾತು ಹಾಗಾಗಿ ಸರಿಯೇ. ತಪ್ಪುವುದು ಅದಕ್ಕೆ ಅಂಟಿಕೊಂಡ ತೀರ್ಪು. ಒಂದೇ ತೂಕದ, ಒಂದೇ ಊಟದ ಇಬ್ಬರಲ್ಲಿ ಒಬ್ಬನಿಗೆ ಕಾಯಿಲೆ ಬಂದರೆ ಅವನು ಹೆಚ್ಚು ತಪ್ಪು ಮಾಡಿದವನಾಗಬೇಕಿಲ್ಲ, ಕಡಿಮೆ ಹೊತ್ತುಕೊಂಡು ಬಂದವನಾಗಿರಬಹುದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಅಷ್ಟೂ ಜನರನ್ನು ಜಿಹ್ವಾಚಾಪಲ್ಯದ ತಪ್ಪಿತಸ್ಥರೆಂದು ಬಗೆಯುವುದು ಸುಳ್ಳು, ಅದಕ್ಕಿಂತ ಹೆಚ್ಚಾಗಿ ಅದು ಕ್ರೌರ್ಯ.

ಎಲ್ಲಕ್ಕಿಂತ ನೋವಿನ ಆಕ್ಷೇಪ ಉಳಿದಿದೆ. ಮಗುವಿನ ಹೊರೆ ಇಳಿಸಲು ಹೋಗಿ ಎಲ್ಲವನ್ನೂ ತಾಯಿಯ ತಲೆಗೆ ಕಟ್ಟಿದಂತಾಗುತ್ತದೆ ಎಂಬುದು ಅದು. ಈ ಅಪಾಯ ಹೊಸದಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲೇ, ಸದಾ ಸಿಹಿ ತಿನ್ನುವ ಗರ್ಭಿಣಿಗೆ ಪ್ರಮೇಹವುಳ್ಳ, ಎಂದರೆ ಸಕ್ಕರೆ ಕಾಯಿಲೆಯೂ ಸೇರುವ ಮೂತ್ರರೋಗವುಳ್ಳ, ಅಥವಾ ಅತಿಯಾಗಿ ದಪ್ಪವಾದ ಮಗು ಹುಟ್ಟುತ್ತದೆ ಎಂಬ ಮಾತಿದೆ. ಅದರ ಹಿಂದೆಮುಂದೆ ಹೆಂಗಸಿನ ನಡತೆಯ ಮೇಲೆ ಹೊರಿಸಿದ ದೋಷಗಳ ದೊಡ್ಡ ಪಟ್ಟಿಯೇ ಇದೆ. ಆದರೆ ಸಾಕ್ಷ್ಯವನ್ನು ಕೊನೆಯವರೆಗೂ ಹಿಂಬಾಲಿಸಿದರೆ ತಾಯಿಯ ಹತ್ತಿರ ನಿಲ್ಲಲು ಆಗುವುದಿಲ್ಲ. 42 ಕಿಲೋ ತೂಗುವ ಆ ಹೆಂಗಸು ತನ್ನ ತೂಕವನ್ನು ತಾನು ಆರಿಸಿಕೊಂಡವಳಲ್ಲ. ಅವಳ ಬಾಲ್ಯದಲ್ಲಿ, ಅವಳ ತಾಯಿಯ ಗರ್ಭದಲ್ಲಿ ಅದು ನಿರ್ಧಾರವಾಗಿತ್ತು. ಹೆಣ್ಣುಮಗುವಿನ ಅಂಡಗಳೆಲ್ಲ ಅದು ಗರ್ಭದಲ್ಲಿರುವಾಗಲೇ ಮೂಡಿರುತ್ತವೆ. ಎಂದರೆ ನಮ್ಮಲ್ಲಿ ಒಬ್ಬೊಬ್ಬರೂ ಯಾವ ಅಂಡದಿಂದ ಹುಟ್ಟಿದೆವೋ ಅದು ತಾಯಿಯ ತಾಯಿಯ ಹೊಟ್ಟೆಯಲ್ಲಿ ತಯಾರಾದದ್ದು, ಅಜ್ಜಿ ಉಂಡದ್ದು ಅದಕ್ಕೂ ಮುಟ್ಟಿದೆ. ಹೀಗೆ ಹಿಂದಕ್ಕೆ ಹೋದಷ್ಟೂ ಕರ್ತೃ ಒಬ್ಬಳೇ ಹೆಂಗಸಾಗಿ ಉಳಿಯುವುದಿಲ್ಲ. ಬರಗಾಲ, ತೆರಿಗೆ, ಜಾತಿ, ಪಂಕ್ತಿಯಲ್ಲಿ ಯಾರು ಮೊದಲು ಯಾರು ಕೊನೆ ಎಂಬ ನಿಯಮ, ಎಲ್ಲವೂ ಅದರಲ್ಲಿ ಸೇರುತ್ತವೆ.

ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಮುಟ್ಟುವುದು ಶಾಸ್ತ್ರಕ್ಕೇ ಒಗ್ಗದ ಮಾತು ಎಂದು ಹಟ ಹಿಡಿಯುವವರು ಶ್ರಾದ್ಧವನ್ನು ನೆನೆಯಬೇಕು. ಮಗ ಬಿಟ್ಟ ಎಳ್ಳುನೀರು, ಇಟ್ಟ ಪಿಂಡ ತಂದೆ, ಅಜ್ಜ, ಮುತ್ತಜ್ಜರಿಗೆ ತಲಪುತ್ತದೆ ಎಂದು ನಂಬಿದ ಸಮಾಜ ನಮ್ಮದು. ಕರ್ತೃವೇ ಭೋಕ್ತೃ ಎಂಬ ನಿಯಮವನ್ನು ಆ ಕರ್ಮದಲ್ಲಿ ನಾವೇ ಸಡಿಲಿಸಿದ್ದೇವೆ, ಅದೂ ಅನ್ನದ ಮೂಲಕ, ಮೂರು ತಲೆಮಾರಿನವರೆಗೆ. ಮೇಲಿನ ಮೂರು ತಲೆಮಾರಿಗೆ ಅನ್ನ ಮುಟ್ಟುವುದನ್ನು ಶ್ರದ್ಧೆಯಿಂದ ಒಪ್ಪುವ ನಾವು ಕೆಳಗಿನ ಮೂರು ತಲೆಮಾರಿಗೆ ಮುಟ್ಟುವುದನ್ನು, ರಕ್ತ ತೆಗೆದು ಅಳೆದು ತೋರಿಸಿದ ಮೇಲೂ, ಆ ಜೀವದ ಪ್ರಾರಬ್ಧವೆಂದು ಏಕೆ ಅಲ್ಲಗಳೆಯಬೇಕು?

2012ರಲ್ಲಿ ಆ ಆರು ಹಳ್ಳಿಗಳಲ್ಲಿ ಹೊಸ ಪ್ರಯೋಗ ಆರಂಭವಾಯಿತು. 1993ರ ಅಧ್ಯಯನದಲ್ಲಿ ಹುಟ್ಟಿದ ಮಕ್ಕಳು ಆಗ ಹದಿಹರೆಯಕ್ಕೆ ಬಂದಿದ್ದರು. ಹುಡುಗಿಯರಿಗೂ ಹುಡುಗರಿಗೂ ಮದುವೆಗೆ ಎಷ್ಟೋ ಮೊದಲೇ ಬಿ12 ಇರುವ ಪೂರಕವನ್ನು ಕೊಡುತ್ತ ಹೋಗಿ, ಮುಂದೆ ಅವರಿಗೆ ಹುಟ್ಟುವ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಏನು ಬದಲಾಯಿತೆಂದು ನೋಡುವುದು ಅದರ ಉದ್ದೇಶವಾಗಿತ್ತು. ಅವರಿಗೆ ಕೊಟ್ಟ ಪ್ರಮಾಣ ದಿನಕ್ಕೆ ಎರಡು ಮೈಕ್ರೋಗ್ರಾಂ ಬಿ12. ಇದಕ್ಕೆ ಯಾರೂ ತಮ್ಮ ಸಸ್ಯಾಹಾರ ಬಿಡಬೇಕಾಗಿಲ್ಲ, ಯಾರ ವ್ರತವೂ ಕೆಡುವುದಿಲ್ಲ. ನಮ್ಮ ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಂದರಂತೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ, ಬಿ12 ಇಲ್ಲ. ಬಸುರಿಯರ ಕೆಂಪು ಮಾತ್ರೆಯೂ ಹಾಗೆಯೇ. ಆ ಮಾತ್ರೆಯಲ್ಲಿ ಏನಿರಬೇಕು, ಅದನ್ನು ನುಂಗುವ ಹುಡುಗಿಯ ಮಧ್ಯಾಹ್ನದ ತಟ್ಟೆಯಲ್ಲಿ ಏನಿರಬೇಕು ಎಂಬುದನ್ನು ಆರೋಗ್ಯ ಇಲಾಖೆಯ ಕಡತಕ್ಕೆ ಬಿಟ್ಟು ಕರ್ಮಸಿದ್ಧಾಂತವನ್ನು ಮಠದಲ್ಲಿ ಬೇರೆಯಾಗಿ ಚರ್ಚಿಸುವಷ್ಟು ದಿನ ಆ ಚರ್ಚೆ ಅಪೂರ್ಣ.